ಒಂದೇ ನಂಬರು, ಎರಡು ಚಾಕು: ಇಂಡಿ ಕಡೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ಇಂಡಿ ಹತ್ತಿರ ನಮ್ಮದು ನಿಂಬೆ ತೋಟ, ಜೊತೆಗೆ ಎರಡು ಎಕರೆ ದಾಳಿಂಬೆ. ನನ್ನ ಹತ್ರ ಫ್ರಾನ್ಸಿನ ಒಪಿನೆಲ್ ಕಂಪನಿಯ ಮಡಚುವ ಚಾಕು ಎರಡಿವೆ, ಎರಡೂ ಮರದ ಹಿಡಿಕೆಯವು, ಎರಡೂ 8ನೇ ನಂಬರು. ಒಂದನ್ನು ಪುಣೆಯಲ್ಲಿದ್ದ ಸೋದರಮಾವ ಬಹಳ ವರ್ಷದ ಹಿಂದೆ ಕೊಟ್ಟಿದ್ದು. ಇನ್ನೊಂದು ಹೋದ ವರ್ಷ ನಾನೇ ತರಿಸಿದ್ದು. ನೋಡೋಕೆ ಅಣ್ಣತಮ್ಮ ಇದ್ದ ಹಾಗಿವೆ, ಕೆಲಸದಲ್ಲಿ ಬೇರೆ ಬೇರೆ. ಮಾವನದು ಕಪ್ಪಗಾಗಿದೆ, ಆದರೆ ಕಲ್ಲಿಗೆ ನಾಲ್ಕು ಸಲ ತಿಕ್ಕಿದರೆ ಸಾಕು, ಹರಿತ ಬರುತ್ತೆ. ಅದರ ಹಿಡಿಕೆಯ ತುದಿಯಲ್ಲಿ ತಿರುಗುವ ಲೋಹದ ಬಳೆ ಚಾಕು ತೆರೆದಾಗ ಮಾತ್ರ ಲಾಕ್ ಆಗುತ್ತೆ, ಮಡಚಿದಾಗ ಆಗಲ್ಲ. ಹೊಸದು ಬೆಳ್ಳಗೇ ಇದೆ, ಬಳೆ ಎರಡೂ ಕಡೆ ಲಾಕ್ ಆಗುತ್ತೆ. ಆದರೆ ಅದಕ್ಕೂ ಮ್ಯಾಗ್ನೆಟ್ ಹಿಡಿಯುತ್ತೆ. ಹಾಗಾದರೆ ಅದು ಸ್ಟೇನ್‌ಲೆಸ್ ಅಲ್ವಾ? ಎರಡರಲ್ಲಿ ಯಾವುದು ಅಸಲು, ಯಾವುದು ಒಳ್ಳೆಯದು? ಖಾನಾಪುರದಲ್ಲಿ ಕೆಲಸಕ್ಕಿರುವ ತಮ್ಮನಿಗೂ ಒಂದು ಕೊಡಿಸಬೇಕು.

ಉತ್ತರ: ನೀವು ಬರೆದ ಲಕ್ಷಣಗಳಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ಆ ಚಾಕುಗಳು ಹಾಗೆಯೇ ಇರಬೇಕು. ಒಪಿನೆಲ್‌ನಲ್ಲಿ ನಂಬರು ಹೇಳುವುದು ಅಳತೆಯನ್ನು ಮಾತ್ರ. 8 ಅಂದರೆ ಅಲಗು ಎಂಟೂವರೆ ಸೆಂಟಿಮೀಟರ್, ಅಷ್ಟೇ. ಉಕ್ಕು ಯಾವುದು, ಬಳೆ ಯಾವ ಕಾಲದ್ದು, ಹಿಡಿಕೆ ಯಾವುದರದ್ದು ಅನ್ನೋದು ಆ ನಂಬರಿನಲ್ಲಿ ಇಲ್ಲ. ಹಾಗಾಗಿ "ಯಾವುದು ಒಳ್ಳೆಯದು" ಅಂತ ಕೇಳಿದರೆ ನಾನು ಮೊದಲು ಕೇಳೋದು, ಅದರಲ್ಲಿ ಏನು ಕೊಯ್ಯುತ್ತೀರಿ ಅಂತ. ನಿಮ್ಮದು ನಿಂಬೆ, ದಾಳಿಂಬೆ. ಉತ್ತರದ ಅರ್ಧ ಅಲ್ಲೇ ಇದೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹೀಟ್ ಟ್ರೀಟ್‌ಮೆಂಟ್ ಕೆಲಸ ಮಾಡುವವನು. ಉಕ್ಕು ಕಾಯಿಸಿ, ಎಣ್ಣೆಗೆ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಕೊಡುವುದೇ ದಿನದ ಕೆಲಸ. ಆದ್ದರಿಂದ ಉಕ್ಕಿನಿಂದಲೇ ಶುರು ಮಾಡುತ್ತೇನೆ.

ಅಲಗಿನ ಮೇಲೆ ಕಿರೀಟ ಇಟ್ಟ ಕೈಯ ಗುರುತು ಇದೆ ನೋಡಿ. ಅದರ ಜೊತೆಗಿರುವ ಅಕ್ಷರ ಓದಿ. ಹೊಸದರಲ್ಲಿ ಇನಾಕ್ಸ್ ಅಂತ ಇರುತ್ತೆ. ಅದು ಫ್ರೆಂಚ್ ಮಾತು, ಜಂಗು ಹಿಡಿಯದ್ದು ಅಂತ ಅರ್ಥ. ಇನ್ನೊಂದು ಬಗೆಯಲ್ಲಿ ಕಾರ್ಬೋನ್ ಅಂತ ಇರುತ್ತೆ. ನಿಮ್ಮ ಮಾವ ಕೊಟ್ಟದ್ದು ಕಪ್ಪಗಾಗಿದೆ ಅಂದ ಮೇಲೆ ಅದು ಕಾರ್ಬೋನೇ. ಹಳೆಯದಾದ್ದರಿಂದ ಅಕ್ಷರ ಸವೆದಿದ್ದರೂ ಬಣ್ಣವೇ ಹೇಳುತ್ತೆ. ಇದು ಹಳೆಯದು-ಹೊಸದು ಅನ್ನುವ ವ್ಯತ್ಯಾಸ ಅಲ್ಲ. ಇವತ್ತಿಗೂ ಕಂಪನಿ ಎರಡೂ ಬಗೆ ಮಾಡುತ್ತದೆ.

ಕಾರ್ಬನ್ ಅಲಗಿನ ಉಕ್ಕಿಗೆ ಎಕ್ಸ್‌ಸಿ90 ಅನ್ನುತ್ತಾರೆ. 90 ಅಂದರೆ ಸುಮಾರು ಶೇ. 0.90 ಇಂಗಾಲ. ಉಳಿದದ್ದು ಹೆಚ್ಚೂ ಕಡಿಮೆ ಕಬ್ಬಿಣವೇ. ಸ್ಟೇನ್‌ಲೆಸ್ ಅಲಗಿಗೆ ಸ್ವೀಡನ್ನಿನ ಸ್ಯಾಂಡ್‌ವಿಕ್ 12ಸಿ27 ಜಾತಿಯ ಉಕ್ಕು. ಅದರಲ್ಲಿ ಇಂಗಾಲ ಕಡಿಮೆ, ಕ್ರೋಮಿಯಂ ಶೇ. 13ಕ್ಕಿಂತ ಜಾಸ್ತಿ. ಆ ಕ್ರೋಮಿಯಂ ಗಾಳಿ ತಾಗಿದ ಕೂಡಲೇ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತೆ. ಗೀಚಿದರೂ ಪೊರೆ ಮತ್ತೆ ಕೂಡಿಕೊಳ್ಳುತ್ತೆ. ಜಂಗು ತಡೆಯೋದು ಅದೇ.

ಇನ್ನು ಮ್ಯಾಗ್ನೆಟ್ ವಿಷಯ. ಸಂತೆಯಲ್ಲಿ ಪಾತ್ರೆ ಕೊಳ್ಳುವಾಗ ಮ್ಯಾಗ್ನೆಟ್ ಹಿಡಿದು ನೋಡುವ ರೂಢಿ ನಮ್ಮಲ್ಲಿದೆ. ಅಂಟಿದರೆ ಅಸಲಿ ಸ್ಟೀಲ್ ಅಲ್ಲ ಅಂತ ಲೆಕ್ಕ. ನಿಕ್ಕಲ್ ಹಾಕಿದ 304 ಜಾತಿಯ ತಾಟು, ತಂಬಿಗೆಗೆ ಆ ಪರೀಕ್ಷೆ ಸುಮಾರಾಗಿ ನಡೆಯುತ್ತೆ. ಚಾಕುವಿಗೆ ನಡೆಯಲ್ಲ. ತಾಟಿನ ಉಕ್ಕನ್ನು ಎಷ್ಟು ಕಾಯಿಸಿ ಅದ್ದಿದರೂ ಅದು ಗಟ್ಟಿಯಾಗುವುದಿಲ್ಲ, ಹರಿತ ನಿಲ್ಲುವುದಿಲ್ಲ. ಚಾಕುವಿಗೆ ಕಾಯಿಸಿದರೆ ಗಟ್ಟಿಯಾಗುವ ಸ್ಟೇನ್‌ಲೆಸ್ಸೇ ಬೇಕು. ಆ ಜಾತಿಗೆ ಮ್ಯಾಗ್ನೆಟ್ ಅಂಟಿಯೇ ಅಂಟುತ್ತೆ. ಮಡಚುವ ಚಾಕುವಿನ ಅಲಗಿಗೆ ಮ್ಯಾಗ್ನೆಟ್ ಅಂಟದೇ ಹೋದರೆ ನಾನಂತೂ ಅದನ್ನು ಕೊಳ್ಳುವುದಿಲ್ಲ.

ಈಗ ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ತೋಟದ ಒಂದು ದಾಳಿಂಬೆ ತಗೊಳ್ಳಿ. ಮಾವನ ಚಾಕುವನ್ನು ಸೋಪು ಹಾಕಿ ತೊಳೆದು, ಒರೆಸಿ, ಹರಿತದ ಹತ್ತಿರ ಸ್ವಲ್ಪ ಜಾಗ ಉಜ್ಜಿ ಬೆಳ್ಳಗೆ ಮಾಡಿ. ಹಣ್ಣು ಕೊಯ್ದು, ಸಿಪ್ಪೆಯ ಒಳಗಿನ ಹಳದಿ ಭಾಗವನ್ನು ಆ ಬೆಳ್ಳಗಿನ ಜಾಗಕ್ಕೆ ಒತ್ತಿ ಹಿಡಿಯಿರಿ. ಕೆಲವೇ ನಿಮಿಷಕ್ಕೆ ಅಲಗು ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಕಡುನೀಲಿ, ಕಪ್ಪು ಆಗುತ್ತೆ. ಸಿಪ್ಪೆಯ ಮೇಲೂ ಮಸಿಯಂಥ ಗೆರೆ ಮೂಡುತ್ತೆ. ಅದು ಮಸಿಯೇ. ದಾಳಿಂಬೆ ಸಿಪ್ಪೆಯಲ್ಲಿ ಒಗರು, ಅಂದರೆ ಟ್ಯಾನಿನ್, ತುಂಬಾ ಇದೆ. ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುತ್ತೆ. ನಮ್ಮ ಹಿರಿಯರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ಚೂರು ಹಾಕಿ ಮಸಿ ಮಾಡುತ್ತಿದ್ದದ್ದೂ ಇದೇ ಲೆಕ್ಕದ ಮೇಲೆ. ಹೊಸ ಚಾಕುವಿಗೆ ಅದೇ ಸಿಪ್ಪೆ ಒತ್ತಿ ನೋಡಿ. ಒರೆಸಿದರೆ ಮೊದಲಿನ ಹಾಗೇ ಬೆಳ್ಳಗೆ.

ಹಾಗಂತ ಮಾವನ ಚಾಕುವಿನ ಕಪ್ಪು ಕೆಟ್ಟದ್ದಲ್ಲ. ಅಲಗಿನ ಮೇಲೆ ಕೂತ ಆ ಕಪ್ಪು ಪೊರೆ ಕೆಂಪು ಜಂಗನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತೆ. ಅದನ್ನು ಉಜ್ಜಿ ಉಜ್ಜಿ ತೆಗೆಯಬೇಡಿ. ಕೆಂಪಗೆ, ಪುಡಿಪುಡಿಯಾಗಿ ಏಳುವುದು ಬೇರೆ. ಅದು ಲೋಹವನ್ನು ತಿನ್ನುವ ಜಂಗು. ಅದನ್ನು ಮಾತ್ರ ಕೂಡಲೇ ತೆಗೆಯಬೇಕು.

ನಿಂಬೆಯ ಕಥೆ ಇನ್ನೂ ಬಿರುಸು. ನಿಂಬೆಹುಳಿ ಕಾರ್ಬನ್ ಉಕ್ಕನ್ನು ನೇರವಾಗಿ ತಿನ್ನುತ್ತೆ, ಮೊದಲು ತಿನ್ನುವುದೇ ಹರಿತದ ಅಂಚನ್ನು. ಯಾಕಂದರೆ ಅಲ್ಲಿ ಉಕ್ಕು ಕೂದಲಿಗಿಂತ ತೆಳುವಾಗಿರುತ್ತೆ. ಹತ್ತು ನಿಂಬೆ ಕೊಯ್ದು, ಒರೆಸದೇ ಮಡಚಿ ಜೇಬಿಗೆ ಹಾಕಿಕೊಂಡು ರಾತ್ರಿ ತೆಗೆದರೆ ಬೆಳಗಿನ ಹರಿತ ಇರುವುದಿಲ್ಲ. ಚಾಕು ಮೊಂಡಾದದ್ದು ಕೊಯ್ದದ್ದರಿಂದ ಅಲ್ಲ, ಹುಳಿ ತಿಂದದ್ದರಿಂದ. ಜೊತೆಗೆ, ಹುಳಿ ಅಲಗು ಮಡಚಿ ಕೂರುವ ಸಂದಿನಲ್ಲಿ ಇಳಿದು ಹಿಡಿಕೆಯ ಒಳಗೆ ಕೂತರೆ ಅಲ್ಲಿ ಒರೆಸುವುದಕ್ಕೂ ಆಗಲ್ಲ.

ದಾಳಿಂಬೆ ಬೆಳೆಯುವವರಿಗೆ ಇನ್ನೊಂದು ಮಾತು. ದುಂಡಾಣು ಅಂಗಮಾರಿಗೆ ಹೆದರಿ ನೀವು ಕತ್ರಿ, ಚಾಕು ಎಲ್ಲವನ್ನೂ ಸೋಡಿಯಂ ಹೈಪೋಕ್ಲೋರೈಟ್ ನೀರಿಗೆ ಅದ್ದುತ್ತಿರುತ್ತೀರಿ. ಅದ್ದಲೇಬೇಕು, ಅದನ್ನು ಬಿಡಬೇಡಿ. ಆದರೆ ಆ ನೀರು ಕಾರ್ಬನ್ ಅಲಗಿಗೆ ನಿಂಬೆಗಿಂತ ದೊಡ್ಡ ವೈರಿ. ಸ್ಟೇನ್‌ಲೆಸ್ ಕೂಡ ಅದರಲ್ಲಿ ಬಹಳ ಹೊತ್ತು ಕೂತರೆ ಸೂಜಿಮೊನೆಯಷ್ಟು ಸಣ್ಣ ಗುಳಿ ಬೀಳುತ್ತೆ. ಕೆಲಸ ಮುಗಿದ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು ಒರೆಸಿಡಿ. ಅಂದ ಹಾಗೆ, ಟೊಂಗೆ ಕತ್ತರಿಸುವುದಕ್ಕೆ ಈ ಚಾಕು ಬಳಸಬೇಡಿ. ಅಲಗು ಎರಡು ಮಿಲಿಮೀಟರ್ ದಪ್ಪವೂ ಇಲ್ಲ. ಹಣ್ಣು ಕೊಯ್ದು ಕಾಳು ನೋಡೋಕೆ, ಸುತ್ತಲಿ ಹರಿಯೋಕೆ, ಚೀಲ ಬಿಚ್ಚೋಕೆ, ಡ್ರಿಪ್ ಪೈಪು ಕತ್ತರಿಸೋಕೆ ಅದು ಬೇಕಾದಷ್ಟಾಯಿತು. ಟೊಂಗೆಗೆ ಕತ್ರಿ ಇದೆ.

ಹರಿತದ ಬಗ್ಗೆ ನೀವು ಬರೆದದ್ದು ನಿಜ. ಕಾರ್ಬನ್ ಅಲಗು ಕಲ್ಲಿಗೆ ಬೇಗ ಒಗ್ಗುತ್ತೆ. ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿರುತ್ತೆ, ಕಲ್ಲು ಅವನ್ನು ಸವೆಸಲು ಸ್ವಲ್ಪ ಹೊತ್ತು ಹಿಡಿಯುತ್ತೆ. ಆದರೆ ಈ 12ಸಿ27ನಲ್ಲಿ ಆ ಕಣಗಳು ಬಹಳ ಸಣ್ಣವು. ಅದು ಮಸೆಯೋಕೆ ಸುಲಭವಾದ ಸ್ಟೇನ್‌ಲೆಸ್‌ಗಳಲ್ಲಿ ಒಂದು. ನಾಲ್ಕು ಸಲದ ಜಾಗಕ್ಕೆ ಎಂಟು-ಹತ್ತು ಸಲ ತಿಕ್ಕಬೇಕು, ಅಷ್ಟೇ ವ್ಯತ್ಯಾಸ. ಹೊಸದು ಹರಿತ ಬರ್ತಾ ಇಲ್ಲ ಅನ್ನಿಸಿದರೆ ಬಹುಶಃ ಬರ್ ಉಳಿದಿರುತ್ತೆ. ಮಸೆದಾಗ ಅಂಚಿನ ಆಚೆ ಬದಿಗೆ ಬಾಗುವ ತೆಳ್ಳನೆಯ ಉಕ್ಕಿನ ಎಳೆ ಅದು. ಸ್ಟೇನ್‌ಲೆಸ್‌ನಲ್ಲಿ ಆ ಎಳೆ ಹಟ ಹಿಡಿದು ಅಂಟಿಕೊಂಡಿರುತ್ತೆ. ಕೊನೆಗೆ ಎರಡು ಬದಿಯನ್ನೂ ಒಂದಾದ ಮೇಲೊಂದು, ಭಾರ ಹಾಕದೇ, ಹೂವಿನ ಹಾಗೆ ಎಳೆಯಿರಿ. ಆಮೇಲೆ ಹಳೆಯ ಚರ್ಮದ ಬೆಲ್ಟಿನ ಒಳಬದಿಗೆ ಹಿಮ್ಮುಖವಾಗಿ ಹತ್ತು ಸಲ ಒರೆಸಿ. ಕಲ್ಲಿನ ಮೇಲೆ ಅಲಗಿನ ಬೆನ್ನು ಎಷ್ಟು ಎತ್ತರ ಇರಬೇಕು ಅಂತ ಕೇಳಿದರೆ, ಒಂದು ರೂಪಾಯಿಯ ನಾಲ್ಕು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು.

ಎರಡು ಚಾಕುವನ್ನೂ ತಿರುಗುವ ಸಾಣೆ ಚಕ್ರಕ್ಕೆ ಮಾತ್ರ ಕೊಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಹಾಗೆ ಹಾಳಾದ ಚಾಕುಗಳನ್ನು ನನ್ನ ಹತ್ರ ತಂದವರು ಬಹಳ ಜನ. ಕಾರ್ಬನ್ ಉಕ್ಕನ್ನು 800 ಡಿಗ್ರಿಯ ಆಸುಪಾಸು ಕಾಯಿಸಿ ಎಣ್ಣೆಗೆ ಅದ್ದಿದರೆ ಅದು ಗಾಜಿನ ಹಾಗೆ ಗಟ್ಟಿಯೂ ಆಗುತ್ತೆ, ಗಾಜಿನ ಹಾಗೆ ಒಡೆಯಲೂಬಹುದು. ಆ ಬಿರುಸು ಇಳಿಸೋಕೆ ಮತ್ತೆ 200 ಡಿಗ್ರಿಯ ಸುತ್ತಮುತ್ತ ಕಾಯಿಸುತ್ತೇವೆ. ಚಾಕುವಿನ ಹದ ಇರುವುದು ಅಲ್ಲಿ. ಸಾಣೆ ಚಕ್ರದಲ್ಲಿ ತೆಳ್ಳನೆಯ ಅಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಆ 200 ಡಿಗ್ರಿಯನ್ನು ದಾಟಿ ಕಾಯುತ್ತೆ. ಅಂಚು ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೀಲಿ. ನೀಲಿ ಕಂಡರೆ ಅಲ್ಲಿ ಹತ್ತಿರ ಹತ್ತಿರ 300 ಡಿಗ್ರಿ ಆಗಿದೆ, ಹದ ಇಳಿದಿದೆ ಅಂತ ಅರ್ಥ. ಆ ನೀಲಿಯನ್ನು ಉಜ್ಜಿದರೆ ಹೋಗುತ್ತೆ, ಮೆತ್ತಗಾದ ಉಕ್ಕು ಮಾತ್ರ ಹಾಗೇ ಉಳಿಯುತ್ತೆ. ಸ್ಟೇನ್‌ಲೆಸ್ ಗಟ್ಟಿಯಾಗೋಕೆ 1050 ಡಿಗ್ರಿ, ಅದಕ್ಕೂ ಮೇಲೆ ಬೇಕು. ಅಷ್ಟು ಕಾಯಿಸಿದ್ದರೂ ಅದರ ಹದವೂ ಚಕ್ರದ ಮೇಲೆ ಹೀಗೇ ಹಾಳಾಗುತ್ತೆ. ಕಲ್ಲು, ನೀರು, ಕೈ, ಇಷ್ಟು ಸಾಕು.

ಈಗ ಬಳೆ. ನನ್ನ ಲೆಕ್ಕದಲ್ಲಿ ಉಕ್ಕಿಗಿಂತ ಇದು ದೊಡ್ಡ ವ್ಯತ್ಯಾಸ. ಸುಮಾರು ಹತ್ತು ವರ್ಷದ ಹಿಂದೆ ನಾನು ಊರಿಗೆ ಹೋಗುವಾಗ ದಾರಿಯಲ್ಲಿ ಒಂದು ಅಗ್ಗದ ಮಡಚುವ ಚಾಕು ಕೊಂಡಿದ್ದೆ. ಯಾವ ಹೆಸರೂ ಇಲ್ಲದ ಮಾಲು. ಒಳಗೆ ಒಂದು ತೆಳ್ಳನೆಯ ಪಟ್ಟಿ ಅಲಗಿನ ಹಿಂದೆ ಬಂದು ನಿಂತು ಲಾಕ್ ಮಾಡುತ್ತಿತ್ತು. ಎರಡು ತಿಂಗಳು ಚೆನ್ನಾಗಿಯೇ ಇತ್ತು. ಒಂದು ದಿನ ಜೋಳದ ಚೀಲದ ಹೊಲಿಗೆ ಬಿಚ್ಚುವಾಗ ಮೊನೆ ದಾರಕ್ಕೆ ಸಿಕ್ಕಿಕೊಂಡಿತು. ಬಿಡಿಸೋಣ ಅಂತ ಹಿಂದಕ್ಕೆ ಒತ್ತಿದೆ. ಲಾಕ್ ಜಾರಿ ಅಲಗು ಮಡಚಿ ತೋರುಬೆರಳ ಮೇಲೆ ಬಿತ್ತು. ನಾಲ್ಕು ಹೊಲಿಗೆ ಹಾಕಿದರು. ಬೆರಳು ಮಾಯ್ದ ಮೇಲೆ ಚಾಕು ಬಿಚ್ಚಿ ನೋಡಿದೆ. ಲಾಕಿನ ಪಟ್ಟಿಯ ಮೂಲೆ ಉರುಟಾಗಿ ಹೋಗಿತ್ತು. ಕಾನಸು ಹಚ್ಚಿದರೆ ಬೆಣ್ಣೆಯ ಹಾಗೆ ತಿನ್ನಿತು. ಅದಕ್ಕೆ ಹದವನ್ನೇ ಕೊಟ್ಟಿರಲಿಲ್ಲ. ಅವತ್ತಿನಿಂದ ಯಾವ ಮಡಚುವ ಚಾಕು ನೋಡಿದರೂ ನಾನು ಮೊದಲು ನೋಡುವುದು ಲಾಕ್, ಆಮೇಲೆ ಅಲಗು.

ಒಪಿನೆಲ್ ಶುರುವಾದಾಗ ಈ ಬಳೆ ಇರಲೇ ಇಲ್ಲ. 1890ರಲ್ಲಿ ಫ್ರಾನ್ಸಿನ ಸವೊಯಿ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ ಅನ್ನುವ ಹದಿನೆಂಟರ ಹುಡುಗ ಇದನ್ನು ಮಾಡಿದ. ಅವರ ಮನೆತನ ಕೊಡಲಿಯಂಥ ಹತಾರ ಮಾಡುವ ಕಮ್ಮಾರರದು. ಅಲ್ಲಿನ ರೈತರ ಜೇಬಿಗೆ ಎಟಕುವ ಚಾಕು ಅದು. 1897ರಲ್ಲಿ 1ರಿಂದ 12ರವರೆಗೆ ನಂಬರು ಬಂದವು. ಮುಂದೆ 1 ಮತ್ತು 11 ನಿಂತುಹೋದವು. ಬಳೆ ಬರುವವರೆಗೂ ಅಲಗು ನಿಲ್ಲುತ್ತಿದ್ದದ್ದು ಮರದ ಬಿಗಿಯಿಂದ ಮಾತ್ರ. 1955ರಲ್ಲಿ ಮಾರ್ಸೆಲ್ ಒಪಿನೆಲ್ ತಿರುಗುವ ಬಳೆ ತಂದರು. ಅದಕ್ಕೆ ವಿರೋಬ್ಲಾಕ್ ಅಂತ ಹೆಸರು. ಅದು ತೆರೆದ ಅಲಗನ್ನು ಮಾತ್ರ ಹಿಡಿಯುತ್ತಿತ್ತು. 2000ದಿಂದ ಬಂದ ಬಳೆ ಮಡಚಿದ ಅಲಗನ್ನೂ ಹಿಡಿಯುತ್ತದೆ. ಹಾಗಾಗಿ ನಿಮ್ಮ ಮಾವ ಕೊಟ್ಟದ್ದು 2000ಕ್ಕಿಂತ ಮೊದಲಿನದು, ಹೊಸದು ನಂತರದ್ದು. ಲಾಕೇ ಚಾಕುವಿನ ವಯಸ್ಸು ಹೇಳಿಬಿಟ್ಟಿತು.

ಬಳೆಯನ್ನು ನಾನು ಇಷ್ಟಪಡುವ ಕಾರಣ ಅದರ ಸರಳತನ. ಒಳಗೆ ಅಡಗಿದ ಸ್ಪ್ರಿಂಗ್ ಇಲ್ಲ. ಲಾಕ್ ಆಗಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ತಿರುಗಿಸಿದಷ್ಟೂ ಬಿಗಿಯಾಗುತ್ತೆ, ಸ್ವಲ್ಪ ಸವೆದರೂ ಇನ್ನೊಂದಿಷ್ಟು ತಿರುಗಿಸಿದರೆ ಆಯಿತು. ಕೊರತೆ ಒಂದೇ, ತಿರುಗಿಸೋದು ನಿಮ್ಮ ಕೈಯಲ್ಲಿದೆ, ಅದು ತಾನಾಗಿ ಆಗಲ್ಲ. ಅವಸರದಲ್ಲಿ ಮರೆತರೆ ಲಾಕ್ ಇಲ್ಲದ ಚಾಕುವೇ. ತೆರೆದ ಕೂಡಲೇ ಹೆಬ್ಬೆರಳಿನಿಂದ ಬಳೆ ತಿರುಗಿಸುವುದು ಉಸಿರಾಡಿದಷ್ಟು ರೂಢಿಯಾಗಬೇಕು.

ಮೂರನೆಯದು ಹಿಡಿಕೆ. ನಿಮ್ಮ ಎರಡೂ ಬೀಚ್ ಮರದವು ಇರಬೇಕು, ಸಾಮಾನ್ಯವಾಗಿ ಬರುವುದು ಅದೇ. ಆಲಿವ್, ವಾಲ್‌ನಟ್, ಓಕ್ ಹಿಡಿಕೆಯವೂ ಸಿಗುತ್ತವೆ. ಅವುಗಳಿಗೆ ದುಡ್ಡು ಜಾಸ್ತಿ, ಕೊಯ್ಯುವ ಕೆಲಸದಲ್ಲಿ ಏನೂ ವ್ಯತ್ಯಾಸ ಇಲ್ಲ. ನಿಮ್ಮ ಇಂಡಿಯ ಒಣ ಹವೆಯಲ್ಲಿ ಮರ ಸುಮ್ನೆ ಇರುತ್ತೆ. ನಿಮ್ಮ ತಮ್ಮ ಇರುವ ಖಾನಾಪುರದ ಮಾತೇ ಬೇರೆ. ಅಲ್ಲಿನ ಕಣಕುಂಬಿ ಕಡೆಯ ಮಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಚಕ್ಕಡಿಯ ಗಾಲಿ ಒಣಗಿ ಹಳಿ ಸಡಿಲಾದರೆ ಹಳ್ಳದ ನೀರಿನಲ್ಲಿ ಇಡುತ್ತಿದ್ದರಲ್ಲ, ಮರ ಉಬ್ಬಿ ಹಳಿ ಬಿಗಿಯಾಗಲಿ ಅಂತ? ಚಾಕುವಿನಲ್ಲೂ ಆಗುವುದು ಅದೇ. ತೇವ ಕುಡಿದ ಹಿಡಿಕೆ ಉಬ್ಬಿ ಸಂದು ಕಿರಿದಾಗುತ್ತೆ, ಅಲಗಿನ ಬುಡವನ್ನು ಕಚ್ಚಿ ಹಿಡಿಯುತ್ತೆ. ಉಗುರಿನಿಂದ ಎಳೆದರೆ ಉಗುರು ಕಿತ್ತೀತೇ ಹೊರತು ಅಲಗು ಬರಲ್ಲ.

ಅದಕ್ಕೆ ಸವೊಯಿ ಜನರದೇ ಒಂದು ಉಪಾಯ ಇದೆ. ಬಳೆಯ ಲಾಕ್ ಬಿಡಿಸಿ, ಹಿಡಿಕೆಯ ಹಿಂತುದಿಯನ್ನು ಗಟ್ಟಿ ಮರದ ಮೇಲೆ ಟಕ್ ಅಂತ ಬಡಿಯಬೇಕು. ಅಲಗಿನ ಮೊನೆ ಸಂದಿಯಿಂದ ಮೂಗು ತೂರಿಸುತ್ತೆ, ಆಗ ಹಿಡಿದು ತೆರೆಯಬಹುದು. ಬಡಿಯುವಾಗ ಬೆರಳು ಸಂದಿನ ಕಡೆ ಇರಬಾರದು. ಮಳೆಗಾಲಕ್ಕೆ ಮೊದಲೇ ಹಿಡಿಕೆಗೆ ಅಗಸಿ ಎಣ್ಣೆ ಕುಡಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತೆ. ಮೇಲಿನ ವಾರ್ನಿಶ್ ಮೇಲೆ ಎಣ್ಣೆ ಇಳಿಯಲ್ಲ, ಮೊದಲು ಸಣ್ಣ ಪಾಲಿಶ್ ಕಾಗದದಿಂದ ಉಜ್ಜಿ ತೆಗೆಯಬೇಕು. ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಎರಡು ದಿನ ಬಿಟ್ಟು ಮತ್ತೆ ಹಚ್ಚಿ. ಹೀಗೆ ಮೂರು ಸಲ. ಸಂದಿನ ಒಳಗೋಡೆಗೂ ಒಂದು ಕಡ್ಡಿಗೆ ಬಟ್ಟೆ ಸುತ್ತಿ ಹಚ್ಚಿ, ತೇವ ಕುಡಿಯುವುದು ಅಲ್ಲೇ ಜಾಸ್ತಿ. ಶೇಂಗಾ ಎಣ್ಣೆ ಬೇಡ, ಅದು ಒಣಗಲ್ಲ, ಅಂಟಂಟಾಗಿ ವಾಸನೆ ಬರುತ್ತೆ. ಅಗಸಿ ಎಣ್ಣೆ ಒಣಗಿ ಪೊರೆ ಕಟ್ಟುವ ಎಣ್ಣೆ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಿ.

8ನೇ ನಂಬರಿನಲ್ಲೇ ಪ್ಲಾಸ್ಟಿಕ್ ಹಿಡಿಕೆಯದೂ ಒಂದಿದೆ, ಗಾಜಿನ ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್. ಅದು ಉಬ್ಬುವುದಿಲ್ಲ. ಆದರೆ ಅದರ ಅಲಗಿನ ಒಂದು ಭಾಗಕ್ಕೆ ಗರಗಸದ ಹಲ್ಲು ಇರುತ್ತೆ, ಮನೆಯ ಕಲ್ಲಿಗೆ ಆ ಹಲ್ಲು ಮಸೆಯೋಕೆ ಬರಲ್ಲ. ತಮ್ಮನಿಗೆ ನಾನು ಕೊಡಿಸುವುದಾದರೆ ಬೀಚ್ ಹಿಡಿಕೆಯ ಸ್ಟೇನ್‌ಲೆಸ್ಸನ್ನೇ ಕೊಡಿಸಿ, ಮೂರು ಸಲ ಎಣ್ಣೆ ಹಚ್ಚಿಸಿಯೇ ಕಳಿಸುತ್ತೇನೆ. ಖಾನಾಪುರದ ಆಷಾಢದಲ್ಲಿ ಕಾರ್ಬನ್ ಅಲಗು ಇಟ್ಟುಕೊಳ್ಳುವುದು ದಿನಾ ಒರೆಸುವ ತಾಳ್ಮೆ ಇದ್ದವರಿಗೆ ಮಾತ್ರ.

ಕೊಳ್ಳುವಾಗ, ಸಾಧ್ಯವಾದರೆ, ಎರಡು-ಮೂರು ಚಾಕು ಕೈಯಲ್ಲಿ ಹಿಡಿದು ನೋಡಿ. ಒಂದೇ ವರ್ಷ, ಒಂದೇ ಉಕ್ಕು, ಒಂದೇ ನಂಬರು ಆದರೂ ಹಿಡಿಕೆ ಮರದ್ದು. ಒಂದರ ಎಳೆ ನೇರ, ಇನ್ನೊಂದರದು ಓರೆ. ಎಳೆ ಉದ್ದಕ್ಕೂ ನೇರ ಓಡಿರುವುದನ್ನು ಆರಿಸಿ. ಮಡಚಿ ಮೇಲಿನಿಂದ ನೋಡಿ, ಅಲಗು ಸಂದಿನ ನಡುವೆ ಕೂತಿರಬೇಕು, ಗೋಡೆಗೆ ಒರಗಿರಬಾರದು. ತೆರೆದು ಲಾಕ್ ಮಾಡಿ ಅಲಗನ್ನು ಅತ್ತ ಇತ್ತ ಅಲ್ಲಾಡಿಸಿ, ಅದು ಆಡಬಾರದು. ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ, ಬಳೆ ಕದಲಬಾರದು. ತುಂಬಾ ಬಿಗಿ ಇದ್ದರೆ ಹೆದರಬೇಡಿ, ಬಳಸಿದಂತೆ ಹದಕ್ಕೆ ಬರುತ್ತೆ. ಅಂಗಡಿಯಲ್ಲೇ ಸಡಿಲ ಇದ್ದರೆ ಮಾತ್ರ ಬಿಟ್ಟುಬಿಡಿ.

ನಿಮ್ಮ ತೋಟದ ಜೇಬಿಗೆ ಹೊಸದೇ ಇರಲಿ. ಮಾವನದನ್ನು ಮನೆಯಲ್ಲಿಟ್ಟು ದಾರ, ಚರ್ಮ, ಕಟ್ಟಿಗೆ, ಉಳ್ಳಾಗಡ್ಡಿ ಕೆಲಸಕ್ಕೆ ಬಳಸಿ. ಕೆಲಸವಾದ ಮೇಲೆ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಬೆರಳಿಗೆ ತಾಗಿಸಿ ಅಲಗಿಗೆ ಸವರಿ. ಸವರುವಾಗ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಎಳೆಯಿರಿ. ನನಗೆ ಕೇಳಿದರೆ ಎರಡರಲ್ಲಿ ಮನಸ್ಸಿಗೆ ಹತ್ತಿರವಾದದ್ದು ಅದೇ, ನನ್ನ ಮೇಜಿನ ಮೇಲಿರುವುದೂ ಕಾರ್ಬನ್ನೇ. ಆದರೆ ಮಾವನ ಚಾಕು ಮಡಚಿದಾಗ ಲಾಕ್ ಆಗಲ್ಲ, ಹಿಡಿಕೆ ಸವೆದಷ್ಟೂ ಅಲಗು ಸಡಿಲಾಗುತ್ತೆ. ಅದನ್ನು ಜೇಬಿಗೆ ಹಾಕಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದ ಮಾಡಿನಲ್ಲಿ, ಒಂದು ದಪ್ಪ ಬಟ್ಟೆಯ ಚೀಲದಲ್ಲಿ ಇಡಿ. ಚರ್ಮದ ಚೀಲ ಬೇಡ, ಚರ್ಮ ಹದ ಮಾಡುವುದಕ್ಕೂ ಒಗರೇ ಬಳಸುತ್ತಾರೆ, ಜೊತೆಗೆ ಅದು ತೇವವನ್ನೂ ಹಿಡಿದಿಟ್ಟುಕೊಳ್ಳುತ್ತೆ.